ಮೈದಾನಪಾಲಕನ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಕನ್ನಡದ ಹಳೆಯ ಗಾದೆ. ವಕೀಲನಿಗೆ, ಉಪಾಧ್ಯಾಯನಿಗೆ, ವ್ಯಾಪಾರಿಗೆ ಮಾತೇ ಬಂಡವಾಳವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ದಿನದ ಬಹುಭಾಗವನ್ನು ಮಣ್ಣು, ನೀರು, ಹುಲ್ಲುಗಳ ನಡುವೆ ಕಳೆಯುವವನಿಗೆ ಮಾತಿನಿಂದ ಏನು ಪ್ರಯೋಜನ? ಹುಲ್ಲಿಗೆ ಕಿವಿಯಿಲ್ಲ, ಮಣ್ಣು ಯಾರ ಭಾಷಣಕ್ಕೂ ಮರುಳಾಗುವುದಿಲ್ಲ. ಅಂಥವನು ತನ್ನ ಕೆಲಸವನ್ನು ಮೌನವಾಗಿ, ಅಚ್ಚುಕಟ್ಟಾಗಿ ಮಾಡಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು ಎಂಬ ಉತ್ತರವನ್ನು ಗಾಲ್ಫ್ ಮೈದಾನಗಳ ಪಾಲನೆಯನ್ನು ವೃತ್ತಿಯಾಗಿ ಕೈಗೊಂಡವರ ಅನುಭವವು ಸ್ಪಷ್ಟವಾಗಿ ಕೊಡುತ್ತದೆ.

ಗಾಲ್ಫ್ ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ಮೇಲೆ ಬೆಳೆದುಬಂದ ಆಟ. ಬ್ರಿಟಿಷರೊಡನೆ ಅದು ಭಾರತಕ್ಕೂ ಬಂದಿತು. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಗಾಲ್ಫ್ ಕ್ಲಬ್ಬುಗಳು ಸ್ಥಾಪಿತವಾದುವು. ಪೂರ್ಣ ಪ್ರಮಾಣದ ಮೈದಾನವೊಂದರಲ್ಲಿ 18 ಕುಳಿಗಳಿರುತ್ತವೆ. ಪ್ರತಿ ಕುಳಿಯ ವ್ಯಾಸ 108 ಮಿಲಿಮೀಟರ್. ಅಂದರೆ ಸುಮಾರು ಅರ್ಧ ಗೇಣು. ನೂರಾರು ಗಜ ದೂರದಿಂದ ಹೊಡೆದ ಪುಟ್ಟ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಆ ಕುಳಿಗೆ ಬೀಳಿಸುವುದೇ ಆಟದ ಸಾರ. ಕುಳಿಯ ಸುತ್ತಲೂ ಇರುವ ನುಣುಪಾದ ಹುಲ್ಲುಹಾಸನ್ನು ‘ಗ್ರೀನ್’ ಎನ್ನುತ್ತಾರೆ. ಇಲ್ಲಿ ಹುಲ್ಲನ್ನು ಸುಮಾರು ಮೂರು ನಾಲ್ಕು ಮಿಲಿಮೀಟರುಗಳಷ್ಟು ಗಿಡ್ಡವಾಗಿ ಕತ್ತರಿಸಲಾಗುತ್ತದೆ. ಎಲೆಯೇ ಸಸ್ಯದ ಅಡುಗೆಮನೆ. ಆ ಅಡುಗೆಮನೆಯನ್ನು ಮತ್ತೆ ಮತ್ತೆ ಕತ್ತರಿಸಿ ಹಾಕಿ, ಅದರ ಮೇಲೆ ನೂರಾರು ಜನ ಓಡಾಡುವಂತೆ ಮಾಡಿ, ಆ ಸಸ್ಯವು ಹಸಿರಾಗಿಯೂ ಸಮತಟ್ಟಾಗಿಯೂ ಇರಬೇಕೆಂದು ಬಯಸಿದರೆ ಅದನ್ನು ಉಳಿಸುವ ಕೆಲಸ ಎಷ್ಟು ಸೂಕ್ಷ್ಮವಾದುದೆಂಬುದನ್ನು ಯಾರಾದರೂ ಊಹಿಸಬಹುದು.

ಈ ಹೊಣೆಯನ್ನು ಹೊತ್ತವನನ್ನು ಹಿಂದೆ ಗ್ರೀನ್‌ಕೀಪರ್ ಎನ್ನುತ್ತಿದ್ದರು. ಅಮೆರಿಕದಲ್ಲಿ ಈಗ ಗಾಲ್ಫ್ ಕೋರ್ಸ್ ಸೂಪರಿಂಟೆಂಡೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ಅವನನ್ನು ಮೈದಾನಪಾಲಕನೆಂದು ಕರೆಯಬಹುದು. ಆತನ ಸ್ಥಾನ ವಿಚಿತ್ರವಾದುದು. ಒಂದು ಕಡೆ ಹಣ ಕೊಡುವ ಕ್ಲಬ್ಬಿನ ಸಮಿತಿ ಮತ್ತು ಆಟಗಾರರು. ಇನ್ನೊಂದು ಕಡೆ ಬೆಳಗಿನ ಜಾವವೇ ಯಂತ್ರಗಳನ್ನು ಹಿಡಿದು ಹೊರಡುವ ಕೆಲಸಗಾರರು. ಮತ್ತೊಂದು ಕಡೆ ನೀರನ್ನೂ ಔಷಧಿಗಳನ್ನೂ ಲೆಕ್ಕ ಕೇಳುವ ಊರಿನ ಜನ. ಈ ಎಲ್ಲರ ನಡುವೆ ಬಾಯಿಲ್ಲದ ಹುಲ್ಲು. ಹುಲ್ಲಿಗೆ ಬಾಯಾರಿದೆಯೆ, ಬೇರಿಗೆ ಉಸಿರು ಕಟ್ಟಿದೆಯೆ, ರೋಗ ಎಲ್ಲಿಂದ ಹಬ್ಬುತ್ತಿದೆ ಎಂಬುದು ಅವನೊಬ್ಬನಿಗೆ ತಿಳಿದಿರುತ್ತದೆ. ತಿಳಿದುದನ್ನು ಅವನು ಹೇಳದೆ ಹೋದರೆ ಹೇಳುವವರು ಬೇರೆ ಯಾರೂ ಇಲ್ಲ.

ಈ ವೃತ್ತಿಯ ಆದಿಪುರುಷರಲ್ಲಿ ಒಬ್ಬನೆಂದು ಪ್ರಸಿದ್ಧನಾದವನು ಸ್ಕಾಟ್ಲೆಂಡಿನ ಟಾಮ್ ಮಾರಿಸ್. 1821ರಲ್ಲಿ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಹುಟ್ಟಿದ ಈತ ಬ್ರಿಟನ್ನಿನ ‘ಓಪನ್’ ಪಂದ್ಯವನ್ನು ನಾಲ್ಕು ಬಾರಿ ಗೆದ್ದ ಆಟಗಾರನೂ ಹೌದು. ಪ್ರೆಸ್ಟ್‌ವಿಕ್ ಎಂಬಲ್ಲಿ ಕೆಲಕಾಲ ಮೈದಾನವನ್ನು ನೋಡಿಕೊಂಡು, ಆಮೇಲೆ ತನ್ನ ಹುಟ್ಟೂರಿನ ಮೈದಾನದ ಪಾಲಕನಾಗಿ ಹಲವು ದಶಕಗಳ ಕಾಲ ದುಡಿದನು. ಗ್ರೀನುಗಳ ಮೇಲೆ ತೆಳುವಾಗಿ ಮರಳನ್ನು ಹರಡಿದರೆ ಹುಲ್ಲು ಸೊಂಪಾಗಿ ಬೆಳೆಯುತ್ತದೆಂಬುದನ್ನು ಕಂಡುಕೊಂಡು ರೂಢಿಗೆ ತಂದವರಲ್ಲಿ ಅವನು ಪ್ರಮುಖ. ಆದರೆ ಅವನ ಹೆಸರಿನೊಡನೆ ಸೇರಿಕೊಂಡಿರುವ ಇನ್ನೊಂದು ಸಂಗತಿ ಮರಳಿಗೆ ಸಂಬಂಧಿಸಿದುದಲ್ಲ, ಮಾತಿಗೆ ಸಂಬಂಧಿಸಿದುದು. ಸೇಂಟ್ ಆಂಡ್ರೂಸಿನ ಹಳೆಯ ಮೈದಾನದಲ್ಲಿ ಭಾನುವಾರ ಆಟವಿರಲಿಲ್ಲ. ಆಡಲು ಬಯಸಿ ಬಂದವರಿಗೆ ಟಾಮ್ ಮಾರಿಸನು, ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ಮೈದಾನಕ್ಕೆ ಬೇಕಾಗಿದೆ ಎಂದು ತಿಳಿಸುತ್ತಿದ್ದನೆಂದು ಹೇಳುತ್ತಾರೆ. ಈ ಮಾತಿನಲ್ಲಿ ಗದರಿಕೆಯಿಲ್ಲ, ನಿಯಮಗಳ ಉರು ಹೊಡೆದ ಪಾಠವಿಲ್ಲ. ನೆಲವೂ ದಣಿಯುತ್ತದೆ ಎಂಬ ಸತ್ಯವು ದಣಿವನ್ನು ಬಲ್ಲ ಮನುಷ್ಯರಿಗೆ ಮುಟ್ಟುವ ರೀತಿಯಲ್ಲಿ ಹೊರಬಂದಿದೆ. ಇಂದಿಗೂ ಆ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿರುವುದಿಲ್ಲ. ಊರಿನ ಜನ ಅದರ ಮೇಲೆ ಅಡ್ಡಾಡುತ್ತಾರೆ.

ಟಾಮ್ ಮಾರಿಸನ ಕಾಲದಲ್ಲಿ ಪಾಲಕನ ಜ್ಞಾನವೆಲ್ಲ ಅವನ ಕೈಗಳಲ್ಲಿತ್ತು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಅದು ಸಾಗುತ್ತಿತ್ತು. ಆಟವು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕವನ್ನು ಸೇರಿದಾಗ ಈ ಜ್ಞಾನ ಸಾಲದಾಯಿತು. ಸ್ಕಾಟ್ಲೆಂಡಿನ ತಂಪಾದ ಹವೆಗೂ ಮರಳು ನೆಲಕ್ಕೂ ಒಗ್ಗಿದ ಹುಲ್ಲು ಅಮೆರಿಕದ ಜೇಡಿಮಣ್ಣಿನಲ್ಲಿ, ಸುಡುವ ಬೇಸಗೆಯಲ್ಲಿ ಬಾಡತೊಡಗಿತು. ಫಿಲಡೆಲ್ಫಿಯಾದ ಸಮೀಪದ ಮೆರಿಯನ್ ಕ್ಲಬ್ಬಿನವರು ಹೊಸ ಮೈದಾನವೊಂದನ್ನು ನಿರ್ಮಿಸಲು ನಿಶ್ಚಯಿಸಿದಾಗ ಆ ಕೆಲಸದ ಭಾರ ಹ್ಯೂ ವಿಲ್ಸನ್ ಎಂಬ ಸದಸ್ಯನ ಮೇಲೆ ಬಿದ್ದಿತು. ಅವನು ವಿಮಾ ವ್ಯವಹಾರದಲ್ಲಿದ್ದವನು. ಹುಲ್ಲಿನ ಶಾಸ್ತ್ರ ಅವನಿಗೆ ತಿಳಿಯದು. ಆದರೆ ತನಗೆ ತಿಳಿಯದೆಂಬುದು ಅವನಿಗೆ ತಿಳಿದಿತ್ತು. 1911ರಲ್ಲಿ ಅವನು ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ವಿಜ್ಞಾನಿ ಚಾರ್ಲ್ಸ್ ಪೈಪರನಿಗೆ ಪತ್ರ ಬರೆದು ಸಲಹೆ ಕೇಳಿದನು.

ಪೈಪರನೂ ಅವನ ಸಹೋದ್ಯೋಗಿ ರಸೆಲ್ ಓಕ್ಲಿಯೂ ಆ ಪತ್ರವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಲಿಲ್ಲ. ಉತ್ತರ ಬರೆದರು; ಉತ್ತರದಿಂದ ಹೊಸ ಪ್ರಶ್ನೆ ಹುಟ್ಟಿತು. ಮಣ್ಣಿನ ಗುಣ, ಬೀಜದ ಆಯ್ಕೆ, ಗೊಬ್ಬರದ ಪ್ರಮಾಣ, ಕಳೆಯ ಕಾಟ ಹೀಗೆ ಒಂದೊಂದು ವಿಷಯದ ಮೇಲೂ ಪತ್ರಗಳು ಹೋಗಿಬಂದುವು. ಮೆರಿಯನ್ನಿನ ಹೊಸ ಮೈದಾನ 1912ರಲ್ಲಿ ಆಟಕ್ಕೆ ತೆರೆಯಿತು. ಪತ್ರವ್ಯವಹಾರ ಮಾತ್ರ ನಿಲ್ಲಲಿಲ್ಲ. ಅದು ವರ್ಷಗಟ್ಟಲೆ ಮುಂದುವರಿದು, ಪತ್ರಗಳ ಸಂಖ್ಯೆ ನೂರುಗಳನ್ನು ದಾಟಿತು. ವಿಜ್ಞಾನಿಗಳಿಗೆ ಮೈದಾನದ ಅನುಭವ ದೊರೆಯಿತು. ಮೈದಾನಕ್ಕೆ ವಿಜ್ಞಾನದ ಬೆಳಕು ದೊರೆಯಿತು. 1917ರಲ್ಲಿ ಪೈಪರ್ ಮತ್ತು ಓಕ್ಲಿ ಇಬ್ಬರೂ ಸೇರಿ ಗಾಲ್ಫ್ ಮೈದಾನದ ಹುಲ್ಲನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. 1920ರಲ್ಲಿ ಅಮೆರಿಕದ ಗಾಲ್ಫ್ ಸಂಘವು ‘ಗ್ರೀನ್ ಸೆಕ್ಷನ್’ ಎಂಬ ಸಂಶೋಧನೆಯ ಹಾಗೂ ಸಲಹೆಯ ವಿಭಾಗವನ್ನೇ ತೆರೆಯಿತು. ಮರುವರ್ಷ ಅದರ ಪತ್ರಿಕೆಯೂ ಹೊರಬಂದಿತು. ತಿಳಿಯದವನೊಬ್ಬನು ನಾಚದೆ ಕೇಳಿದುದರಿಂದ, ತಿಳಿದವರಿಬ್ಬರು ಬೇಸರಿಸದೆ ಹೇಳಿದುದರಿಂದ ಒಂದು ಶಾಸ್ತ್ರವು ಬೆಳೆಯಲು ಸಾಧ್ಯವಾಯಿತು.

ಇಷ್ಟಾದರೂ ಮೈದಾನದಲ್ಲಿ ದುಡಿಯುವ ಪಾಲಕರು ಒಬ್ಬರಿಂದೊಬ್ಬರು ದೂರವೇ ಇದ್ದರು. ತಾನು ಕಂಡುಕೊಂಡ ಉಪಾಯವನ್ನು ನೆರೆಯವನಿಗೆ ಹೇಳಿದರೆ ತನ್ನ ಬೆಲೆ ಕುಗ್ಗೀತೆಂಬ ಅಂಜಿಕೆ ಯಾವ ಕಸುಬಿನಲ್ಲಿಯೂ ಇರುವುದೇ. ಈ ಗೋಡೆಯನ್ನು ಒಡೆಯಲು ಮುಂದಾದವನು ಓಹಾಯೋ ರಾಜ್ಯದ ಯಂಗ್ಸ್‌ಟೌನಿನ ಪಾಲಕ ಜಾನ್ ಮಾರ್ಲಿ. 1926ರ ಸೆಪ್ಟೆಂಬರ್ 13ರಂದು ಟೊಲಿಡೊ ನಗರದ ಬಳಿಯ ಸಿಲ್ವೇನಿಯಾ ಕ್ಲಬ್ಬಿನಲ್ಲಿ ಅರವತ್ತು ಮಂದಿ ಪಾಲಕರು ಸಭೆ ಸೇರಿ ತಮ್ಮದೇ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಮಾರ್ಲಿ ಅದರ ಮೊದಲ ಅಧ್ಯಕ್ಷನಾದನು. 1927ರಲ್ಲಿ ಸಂಘದ ಪತ್ರಿಕೆ ಆರಂಭವಾಯಿತು. ಅದುವರೆಗೆ ಕತ್ತರಿಯನ್ನೂ ಗುದ್ದಲಿಯನ್ನೂ ಮಾತ್ರ ಹಿಡಿದಿದ್ದ ಕೈಗಳು ಲೇಖನಿಯನ್ನು ಹಿಡಿದುವು. ಒಂದು ಊರಿನಲ್ಲಿ ಫಲಿಸಿದ ಪ್ರಯೋಗ ಇನ್ನೊಂದು ಊರಿಗೆ ತಿಳಿಯಿತು. ಸೋತ ಪ್ರಯೋಗವೂ ತಿಳಿದು ಇನ್ನೊಬ್ಬನ ನಷ್ಟ ತಪ್ಪಿತು. ಆ ಸಂಘವೇ ಇಂದು ಅಮೆರಿಕದ ಗಾಲ್ಫ್ ಕೋರ್ಸ್ ಸೂಪರಿಂಟೆಂಡೆಂಟರ ಸಂಘವೆಂಬ ಹೆಸರಿನಲ್ಲಿ ಬಾಳುತ್ತಿದೆ.

ಸಮಾನ ವೃತ್ತಿಯವರೊಡನೆ ಮಾತನಾಡುವುದು ಸುಲಭ. ಅವರಿಗೆ ಹುಲ್ಲಿನ ಕಷ್ಟ ಗೊತ್ತು. ಪಾಲಕನ ನಿಜವಾದ ಪರೀಕ್ಷೆ ನಡೆಯುವುದು ಆಟಗಾರರ ಮುಂದೆ. ಮೈದಾನದ ಹಿತಕ್ಕಾಗಿ ಮಾಡುವ ಎಷ್ಟೋ ಕೆಲಸಗಳು ನೋಡುವವರ ಕಣ್ಣಿಗೆ ಅಹಿತವಾಗಿಯೇ ಕಾಣುತ್ತವೆ. ಜನರ ತುಳಿತದಿಂದಲೂ ಯಂತ್ರಗಳ ಭಾರದಿಂದಲೂ ಗ್ರೀನಿನ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಣ್ಣಿನಲ್ಲಿ ಗಾಳಿಯಾಡದು, ನೀರು ಇಂಗದು, ಬೇರು ಆಳಕ್ಕಿಳಿಯದು. ಆಗ ಯಂತ್ರದಿಂದ ಬೆರಳು ಗಾತ್ರದ ಸಾವಿರಾರು ರಂಧ್ರಗಳನ್ನು ಕೊರೆದು, ಅವುಗಳಲ್ಲಿ ಮರಳು ತುಂಬಬೇಕಾಗುತ್ತದೆ. ಹುಲ್ಲು ಮತ್ತೆ ಕೂಡಿಕೊಂಡು ನುಣುಪಾಗಲು ಎರಡು ಮೂರು ವಾರಗಳು ಬೇಕು. ನಿನ್ನೆಯವರೆಗೆ ರೇಷ್ಮೆಯಂತಿದ್ದ ಹಾಸು ಈ ದಿನ ಸಿಡುಬು ಬಂದ ಮುಖದಂತಾದುದನ್ನು ಕಂಡ ಆಟಗಾರನಿಗೆ ಕೋಪ ಬರುವುದು ಸಹಜ. ಚಳಿದೇಶಗಳಲ್ಲಿ ಹಿಮದ ಹರಳು ಕಟ್ಟಿದ ಬೆಳಗ್ಗೆಯಂತೂ ಪಾಲಕನು ಆಟವನ್ನೇ ತಡೆಹಿಡಿಯುತ್ತಾನೆ. ಹೆಪ್ಪುಗಟ್ಟಿದ ಎಲೆಯನ್ನು ತುಳಿದರೆ ಅದರ ಜೀವಕೋಶಗಳು ಒಡೆದು, ಮುಂದೆ ಒಂದೊಂದು ಹೆಜ್ಜೆಯ ಗುರುತೂ ಕಪ್ಪಿಟ್ಟು ಒಣಗುತ್ತದೆ. ಆದರೆ ಬಿಸಿಲು ಬಿದ್ದ ಮೇಲೆ ಬಂದವನಿಗೆ ಹಿಮವೆಲ್ಲಿ ಕಂಡೀತು? ಅವನಿಗೆ ಕಾಣುವುದು ತಡವಾದ ತನ್ನ ಆಟವೊಂದೇ.

ಇಬ್ಬರು ಪಾಲಕರನ್ನು ಕಲ್ಪಿಸಿಕೊಳ್ಳಬಹುದು. ಇಬ್ಬರೂ ಸಮಾನ ನಿಪುಣರು. ಇಬ್ಬರೂ ಒಂದೇ ವಾರದಲ್ಲಿ ಗ್ರೀನುಗಳಿಗೆ ರಂಧ್ರ ಕೊರೆಯಿಸುತ್ತಾರೆ. ಮೊದಲನೆಯವನು, ಕೆಲಸವೇ ಉತ್ತರ ಹೇಳೀತೆಂದು ನಂಬಿ ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಆಟಗಾರರು ಬಂದು ನೋಡಿ ಗೊಣಗುತ್ತಾರೆ. ಗೊಣಗು ಸಮಿತಿಯ ಕಿವಿಗೆ ಬೀಳುತ್ತದೆ. ಸಮಿತಿಯು ಕರೆಸಿ ಕೇಳಿದಾಗ ಅವನು ಹೇಳುವ ಶಾಸ್ತ್ರೋಕ್ತವಾದ ಕಾರಣಗಳೆಲ್ಲ ನೆಪಗಳಂತೆ ಕೇಳಿಸುತ್ತವೆ. ಆ ವರ್ಷದ ಬೇಸಗೆಯಲ್ಲಿ ಒಂದು ಮೂಲೆಯ ಹುಲ್ಲು ರೋಗದಿಂದ ಒಣಗಿದರೆ, ಅದೂ ಅವನ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ. ಎರಡನೆಯವನು ಒಂದು ತಿಂಗಳು ಮುಂಚೆಯೇ ಸಮಿತಿಗೆ ಪತ್ರ ಬರೆಯುತ್ತಾನೆ. ಎರಡು ತುಂಡು ಮಣ್ಣನ್ನು ಅಗೆದು ತಂದು ಫಲಕದ ಕೆಳಗೆ ಇಡುತ್ತಾನೆ: ಒಂದರಲ್ಲಿ ಬೇರು ಎರಡು ಅಂಗುಲಕ್ಕೇ ನಿಂತಿದೆ, ಇನ್ನೊಂದರಲ್ಲಿ ಐದು ಅಂಗುಲ ಇಳಿದಿದೆ. ಕೆಲಸ ಯಾವ ದಿನ ಆರಂಭ, ಎಷ್ಟು ದಿನ ತೊಂದರೆ, ಮುಂದೆ ದೊರೆಯುವ ಲಾಭವೇನು ಎಂಬುದನ್ನು ನಾಲ್ಕೇ ಸಾಲುಗಳಲ್ಲಿ ಬರೆದು ತೂಗುಹಾಕುತ್ತಾನೆ. ಗೊಣಗುವವರು ಅಲ್ಲಿಯೂ ಇರುತ್ತಾರೆ; ಆದರೆ ಅವರಿಗೆ ಉತ್ತರ ಹೇಳುವವರು ಆಟಗಾರರಲ್ಲಿಯೇ ಹುಟ್ಟಿಕೊಳ್ಳುತ್ತಾರೆ. ಮುಂಚೆ ಹೇಳಿದರೆ ತಿಳಿವಳಿಕೆ, ಆಮೇಲೆ ಹೇಳಿದರೆ ಸಬೂಬು. ಇಬ್ಬರ ಹುಲ್ಲೂ ಒಂದೇ ರೀತಿ ಚಿಗುರಬಹುದು; ಅದನ್ನು ನೋಡಲು ಕೆಲಸದಲ್ಲಿ ಉಳಿದಿರುವವನು ಎರಡನೆಯವನು ಮಾತ್ರ ಆಗಿರಬಹುದು.

ಮಾತಿಗೆ ಬದಲಾಗಿ ಅಂಕೆಗಳನ್ನು ಮುಂದಿಟ್ಟರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಇದಕ್ಕೆ ಗಾಲ್ಫಿನ ಚರಿತ್ರೆಯಲ್ಲಿಯೇ ಒಂದು ಉದಾಹರಣೆಯುಂಟು. 1935ರಲ್ಲಿ ಓಕ್‌ಮಾಂಟ್ ಮೈದಾನದಲ್ಲಿ ನಡೆದ ಅಮೆರಿಕದ ಓಪನ್ ಪಂದ್ಯವನ್ನು ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಆಟಗಾರನಿಗೆ ಅಲ್ಲಿಯ ಗ್ರೀನುಗಳು ಅತಿ ವೇಗವಾಗಿವೆಯೆಂದು ತೋರಿತು. ವೇಗವನ್ನು ಅಳೆಯಲು ಅವನು ಮರದ ಓಣಿಯಂಥ ಒಂದು ಸರಳ ಸಾಧನವನ್ನು ರೂಪಿಸಿದನು. ಅದನ್ನು ಮೆಲ್ಲಗೆ ಎತ್ತಿದಾಗ ಚೆಂಡು ತಾನಾಗಿ ಉರುಳಿ, ಹುಲ್ಲಿನ ಮೇಲೆ ಎಷ್ಟು ಅಡಿ ಸಾಗುವುದೋ ಅದೇ ವೇಗದ ಅಳತೆ. 1976ರಲ್ಲಿ ಗಾಲ್ಫ್ ಸಂಘವು ಅದನ್ನು ಲೋಹದಲ್ಲಿ ಪರಿಷ್ಕರಿಸಿತು. 1978ರಲ್ಲಿ ಪಾಲಕರಿಗೆ ಒದಗಿಸಿತು. ಒಂದು ಮೈದಾನದ ಹದಿನೆಂಟು ಗ್ರೀನುಗಳೂ ಸಮಾನವಾಗಿರುವಂತೆ ನೋಡಿಕೊಳ್ಳಲು ನೆರವಾಗುವುದು ಅದರ ಉದ್ದೇಶವಾಗಿತ್ತು. ಆದರೆ ಅಂಕೆ ಆಟಗಾರರ ಬಾಯಿಗೆ ಬಿದ್ದೊಡನೆ ಪೈಪೋಟಿಯ ಮಾತಾಯಿತು. ನೆರೆಯ ಕ್ಲಬ್ಬಿನಲ್ಲಿ ಹನ್ನೊಂದು ಅಡಿಯಾದರೆ ಇಲ್ಲೇಕೆ ಒಂಬತ್ತು ಎಂದು ಕೇಳುವವರು ಹುಟ್ಟಿಕೊಂಡರು. ವೇಗ ಹೆಚ್ಚಿಸಲು ಹುಲ್ಲನ್ನು ಇನ್ನೂ ಗಿಡ್ಡವಾಗಿ ಕತ್ತರಿಸಬೇಕು; ಕತ್ತರಿಸಿದಷ್ಟೂ ಹುಲ್ಲು ದುರ್ಬಲವಾಗುತ್ತದೆ. ಇಳಿಜಾರು ಹೆಚ್ಚಿರುವ ಗ್ರೀನಿಗೆ ಒಂಬತ್ತೇ ಸಾಕಷ್ಟು ಕಠಿಣವೆಂಬುದನ್ನು ಅಂಕೆ ತಾನಾಗಿ ಹೇಳಲಾರದು. ಅದನ್ನು ಹೇಳಬೇಕಾದವನು ಪಾಲಕನೇ. ವಿವರಣೆಯಿಲ್ಲದ ಅಂಕೆ, ಹಿಡಿಯಿಲ್ಲದ ಕತ್ತಿಯಂತೆ. ಹಿಡಿದವನ ಕೈಯನ್ನೇ ಕುಯ್ಯುತ್ತದೆ.

ಮೇಲಿನವರಿಗೆ ಹೇಳುವ ಮಾತು ಒಂದು ಬಗೆಯಾದರೆ ಕೆಲಸಗಾರರಿಗೆ ಹೇಳುವ ಮಾತು ಇನ್ನೊಂದು ಬಗೆ. ಬೆಳಗಿನ ಐದು ಗಂಟೆಯ ಮಬ್ಬಿನಲ್ಲಿ ಹತ್ತಿಪ್ಪತ್ತು ಜನರಿಗೆ ಕೆಲಸ ಹಂಚುವಾಗ ಒಂದು ಪದ ಅಸ್ಪಷ್ಟವಾದರೆ, ಒಂದು ಮಿಲಿಮೀಟರಿನ ವ್ಯತ್ಯಾಸದಿಂದ ಇಡೀ ಗ್ರೀನು ಸುಟ್ಟಂತಾಗಬಹುದು. ಅದಕ್ಕಿಂತ ದೊಡ್ಡ ವಿಷಯ ಪ್ರಾಣದ್ದು. ಒದ್ದೆಯಾದ ಇಳಿಜಾರಿನಲ್ಲಿ ಯಂತ್ರವನ್ನು ಹೇಗೆ ತಿರುಗಿಸಬೇಕು, ಕಳೆನಾಶಕವನ್ನು ಬೆರಸುವಾಗ ಕೈಗೆ ಏನು ಧರಿಸಬೇಕು, ಔಷಧಿ ಸಿಂಪಡಿಸಿದ ಜಾಗಕ್ಕೆ ಎಷ್ಟು ಹೊತ್ತು ಕಾಲಿಡಬಾರದು ಎಂಬ ಸೂಚನೆಗಳು ಅರ್ಥವಾಗದಿದ್ದರೆ ಹೋಗುವುದು ಹುಲ್ಲಲ್ಲ, ಮನುಷ್ಯ. ಅಮೆರಿಕದ ಅನೇಕ ಮೈದಾನಗಳಲ್ಲಿ ಕೆಲಸಗಾರರ ಮಾತೃಭಾಷೆ ಸ್ಪ್ಯಾನಿಷ್. ಆದುದರಿಂದ ಅಲ್ಲಿಯ ಎಷ್ಟೋ ಪಾಲಕರು ಆ ಭಾಷೆಯನ್ನು ಕಲಿಯುತ್ತಾರೆ. ಆಜ್ಞೆ ಕೊಡಲು ಹತ್ತು ಪದ ಸಾಕು. ಆದರೆ ಅವರು ಹೇಳುವುದನ್ನು ಕೇಳಲು ಹೆಚ್ಚು ಬೇಕು. ಕೇಳುವುದು ಹೇಳುವುದಕ್ಕಿಂತ ಕಡಿಮೆಯ ವಿದ್ಯೆಯಲ್ಲ. ದಿನವೂ ಕತ್ತರಿಸುವ ಯಂತ್ರದ ಹಿಂದೆ ನಡೆಯುವ ಕೆಲಸಗಾರನೇ ರೋಗದ ಮೊದಲ ಚುಕ್ಕೆಯನ್ನು, ಕೊಳವೆಯ ಮೊದಲ ಸೋರಿಕೆಯನ್ನು ಕಾಣುವವನು. ಕಂಡುದನ್ನು ಹೇಳಿದರೆ ಬೈಗುಳ ಬಂದೀತೆಂದು ಅವನು ಅಂಜಿ ಸುಮ್ಮನಾದರೆ ಪಾಲಕನು ತನ್ನ ಕಣ್ಣುಗಳನ್ನೇ ಕಳೆದುಕೊಂಡಂತೆ.

ಕ್ಲಬ್ಬಿನ ಬೇಲಿಯಿಂದಾಚೆಗೂ ಪಾಲಕನ ಮಾತಿಗೆ ಕೆಲಸವುಂಟು. ನೂರಕ್ಕೂ ಮಿಕ್ಕಿ ಎಕರೆಗಳಷ್ಟು ನೆಲವನ್ನು ಕೆಲವರ ಆಟಕ್ಕಾಗಿ ಹಸಿರಾಗಿ ಇಡುವುದು ನ್ಯಾಯವೆ, ಬರಗಾಲದಲ್ಲಿ ಅದಕ್ಕೆ ನೀರು ಹರಿಸುವುದು ಸರಿಯೆ ಎಂದು ಊರಿನ ಜನ ಕೇಳುತ್ತಾರೆ. ಈ ಪ್ರಶ್ನೆ ಹಗುರವಾದುದಲ್ಲ. ಸಿಹಿಮಾತಿನಿಂದ ತೇಲಿಸಿಬಿಡುವಂಥದೂ ಅಲ್ಲ. ಇದಕ್ಕೆ ಪ್ರಾಮಾಣಿಕವಾದ ಉತ್ತರ ಮೊದಲು ಕೆಲಸದಲ್ಲಿಯೂ ಆಮೇಲೆ ಮಾತಿನಲ್ಲಿಯೂ ಇರಬೇಕು. ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್‌ನಲ್ಲಿರುವ ಎರಡನೆಯ ಸಂಖ್ಯೆಯ ಪ್ರಸಿದ್ಧ ಮೈದಾನವನ್ನು 2010 ಮತ್ತು 2011ರಲ್ಲಿ ಹಳೆಯ ಸ್ವರೂಪಕ್ಕೆ ತಂದಾಗ, ಹತ್ತಾರು ಎಕರೆಗಳಷ್ಟು ನೀರುಣಿಸುವ ಹುಲ್ಲನ್ನು ತೆಗೆದು ಮರಳನ್ನೂ ಸ್ಥಳೀಯ ಒರಟು ಹುಲ್ಲನ್ನೂ ಉಳಿಸಿದರು. ನೀರು ಚಿಮ್ಮುವ ಕೊಳವೆಬಾಯಿಗಳ ಸಂಖ್ಯೆ ಸುಮಾರು 1150ರಿಂದ 450ಕ್ಕೆ ಇಳಿಯಿತು. 2014ರಲ್ಲಿ ಅಲ್ಲಿ ಪುರುಷರ ಮತ್ತು ಮಹಿಳೆಯರ ಅಮೆರಿಕದ ಓಪನ್ ಪಂದ್ಯಗಳು ಒಂದರ ಹಿಂದೆ ಒಂದರಂತೆ ಎರಡು ವಾರ ನಡೆದಾಗ, ದೂರದರ್ಶನದಲ್ಲಿ ಕಂದುಬಣ್ಣದ ಅಂಚುಗಳನ್ನು ಕಂಡ ಹಲವರಿಗೆ ಮೈದಾನ ಹಾಳಾಗಿದೆಯೆಂದೇ ತೋರಿತು. ಕಂದು ಎಂದರೆ ಸಾವಲ್ಲ, ಮಿತವ್ಯಯ. ಅದು ಆ ನೆಲದ ಸಹಜ ಬಣ್ಣ ಎಂದು ಬಿಡಿಸಿ ಹೇಳಬೇಕಾಯಿತು. ಎಲ್ಲರೂ ಒಪ್ಪಿದರೆಂದಲ್ಲ. ಆದರೆ ಹಸಿರೊಂದೇ ಚೆಲುವೆಂಬ ನಂಬಿಕೆಗೆ ಎದುರಾಗಿ ಒಂದು ವಿಚಾರ ಜನರ ಮುಂದೆ ಬಂದಿತು. ಅದು ಬರದೆ ಹೋಗಿದ್ದರೆ ಉಳಿದ ನೀರು ಉಳಿತಾಯವೆನಿಸದೆ ಅಲಕ್ಷ್ಯವೆನಿಸುತ್ತಿತ್ತು.

ಮೈದಾನಪಾಲಕನ ಮಾತುಗಾರಿಕೆಯೆಂದರೆ ವೇದಿಕೆಯ ಭಾಷಣವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಣಕಾಸಿನ ಅಂದಾಜುಪಟ್ಟಿಯನ್ನು ಸಮರ್ಥಿಸುವ ಪತ್ರ, ಗೋಡೆಯ ಮೇಲಿನ ಸೂಚನೆ, ಕೆಲಸಗಾರನ ಹೆಗಲ ಮೇಲೆ ಕೈಯಿಟ್ಟು ಹೇಳುವ ಒಂದು ಮಾತು, ಕೋಪಗೊಂಡವನ ದೂರನ್ನು ನಡುವೆ ಬಾಯಿಹಾಕದೆ ಕೇಳುವ ತಾಳ್ಮೆ ಇವೆಲ್ಲವೂ ಅದರೊಳಗೆ ಸೇರುತ್ತವೆ. ಅದಕ್ಕೆ ಮೂರು ಗುಣಗಳು ಮುಖ್ಯ. ಹೇಳುವುದು ಸತ್ಯವಾಗಿರಬೇಕು, ತಪ್ಪು ತನ್ನದಾದರೆ ಅದನ್ನೂ ಒಪ್ಪಿ ಹೇಳಬೇಕು. ಹೇಳುವುದು ಸರಳವಾಗಿರಬೇಕು, ಶಿಲೀಂಧ್ರದ ಲ್ಯಾಟಿನ್ ಹೆಸರನ್ನು ಉಚ್ಚರಿಸಿ ಕೇಳುವವನ ಬಾಯಿ ಮುಚ್ಚಿಸುವುದು ವಿವರಣೆಯಲ್ಲ. ಹೇಳುವುದು ಸಕಾಲದಲ್ಲಿರಬೇಕು. ಈ ವೃತ್ತಿಗಾಗಿ ಸಿದ್ಧರಾಗುವ ತರುಣರು ಸಸ್ಯಶಾಸ್ತ್ರ, ಮಣ್ಣಿನ ಶಾಸ್ತ್ರ, ನೀರಾವರಿಗಳೊಡನೆ ಬರವಣಿಗೆಯನ್ನೂ ಮಾತನ್ನೂ ಅಭ್ಯಾಸ ಮಾಡಬೇಕಾಗುತ್ತದೆ. ಇದು ಶಾಸ್ತ್ರದ ಮೇಲೆ ತೊಡಿಸಿದ ಅಲಂಕಾರವಲ್ಲ. ಶಾಸ್ತ್ರವು ಜನರನ್ನು ತಲುಪುವ ದಾರಿ.

ಹಾಗೆಂದು ಮಾತು ಕೆಲಸದ ಸ್ಥಾನವನ್ನು ತುಂಬಲಾರದು. ಒಣಗಿದ ಹುಲ್ಲನ್ನು ಯಾವ ಮಾತೂ ಹಸಿರಾಗಿಸದು. ಬರಿಯ ಬಾಯಿಮಾತಿನವನ ಬಣ್ಣ ಒಂದು ಬೇಸಗೆಯಲ್ಲಿ ಬಯಲಾಗುತ್ತದೆ. ಆದರೆ ಒಳ್ಳೆಯ ಕೆಲಸಕ್ಕೆ ಕಾಲ ಬೇಕು. ಬೇರಿಳಿಯಲು ವಾರಗಳು ಬೇಕು, ಮಣ್ಣು ಸುಧಾರಿಸಲು ವರ್ಷಗಳು ಬೇಕು. ಅಲ್ಲಿಯವರೆಗೆ ಜನರ ನಂಬಿಕೆಯನ್ನು ಉಳಿಸಿಕೊಡುವುದು ಮಾತು. ರೋಗಿಯ ನೋವನ್ನು ಬಲ್ಲ ವೈದ್ಯ, ಸೇತುವೆಯ ಬಿರುಕನ್ನು ಕಂಡ ಎಂಜಿನಿಯರು, ಕೆರೆಯ ಹೂಳನ್ನು ಅರಿತ ರೈತ ಇವರೆಲ್ಲರೂ ಬಾಯಿಲ್ಲದ ಒಂದು ವಸ್ತುವಿನ ಸಂಗತಿಯನ್ನು ಬಾಯುಳ್ಳವರಿಗೆ ತಲುಪಿಸಬೇಕಾದವರೇ. ಗಾಲ್ಫ್ ಮೈದಾನದ ಪಾಲಕನೂ ಆ ಸಾಲಿನಲ್ಲಿ ನಿಲ್ಲುತ್ತಾನೆ. ಬೆಳಗಿನ ಮಂಜಿನಲ್ಲಿ ಮಂಡಿಯೂರಿ ಹುಲ್ಲನ್ನು ಬೆರಳಿನಿಂದ ಸವರಿ ನೋಡುವಾಗ ಅವನ ಕೆಲಸದ ಅರ್ಧ ಮುಗಿಯುತ್ತದೆ. ಎದ್ದು ಬಂದು, ತಾನು ಕಂಡುದನ್ನು ಕಾಣದವರಿಗೆ ತಿಳಿಯುವಂತೆ ಹೇಳಿದಾಗ ಉಳಿದರ್ಧವೂ ಮುಗಿಯುತ್ತದೆ.